ರೈಸ್: ಪದದ ಚರಿತ್ರೆ, ವಂಶದ ಚರಿತ್ರೆ

ಇಂಗ್ಲಿಷ್ ಕುಲನಾಮಗಳ ಜನಪ್ರಿಯ ಕೋಶಗಳು ಹೆಸರಿನ ನಿಷ್ಪತ್ತಿಯ ಕೆಳಗೇ ಪ್ರಸಿದ್ಧರ ಪಟ್ಟಿಯನ್ನು ಕೊಡುವುದುಂಟು. ಈ ಜೋಡಣೆಯಿಂದ ಪದದ ಚರಿತ್ರೆಯೂ ವಂಶದ ಚರಿತ್ರೆಯೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆಂಬುದು ನಮ್ಮ ಆಕ್ಷೇಪ. ‘ರೈಸ್’ ಇದಕ್ಕೆ ನಿದರ್ಶನ.

ಈ ಕುಲನಾಮಕ್ಕೂ ಅಕ್ಕಿಗೂ ಸಂಬಂಧವಿಲ್ಲ. ವೆಲ್ಷ್ ವ್ಯಕ್ತಿನಾಮವಾದ ‘ರ್‍ಹೀಸ್’ ಅದರ ಪ್ರಧಾನ ಮೂಲ. ಅಲ್ಲಿಯ ದೀರ್ಘ ಈಕಾರವು ಇಂಗ್ಲಿಷಿನ ಮಹಾಸ್ವರಪಲ್ಲಟಕ್ಕೆ ಒಳಗಾದಲ್ಲಿ ‘ರೈಸ್’, ಒಳಗಾಗದಲ್ಲಿ ‘ರೀಸ್’. ‘ಮಗ’ ಎಂಬರ್ಥದ ‘ಆಪ್’ ಸೇರಿದ ‘ಪ್ರೈಸ್’, ‘ಪ್ರೀಸ್’ಗಳಲ್ಲಿಯೂ ಇದೇ ಭೇದ ಕಾಣುತ್ತದೆ. ಸ್ವರದ ಮುಂದೆ ಅದೇ ಪದ ‘ಆಬ್’ ಆಗುವುದರಿಂದ ‘ಒವೈನ್’ನ ಮಗ ‘ಬೋವೆನ್’ ಆದನು. ಹೀಗೆ ವೆಲ್ಷ್ ಸಂಧಿನಿಯಮವೊಂದು ಇಂಗ್ಲಿಷ್ ಕುಲನಾಮಗಳ ಮೊದಲಕ್ಷರದಲ್ಲಿ ಉಳಿದುಬಂದಿದೆ.

ಧ್ವನಿಯು ನುಡಿಯುವ ಈ ಸಾಕ್ಷ್ಯವನ್ನು ಪ್ರಸಿದ್ಧರ ಪಟ್ಟಿ ನುಡಿಯಲಾರದು. 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಶಾಸನತಜ್ಞ ಬಿ. ಎಲ್. ರೈಸ್ ಅವರಿಗೆ ಈ ಹೆಸರು ತಂದೆಯಿಂದ ಬಂದಿತು. ಕಾದಂಬರಿಕಾರ್ತಿ ಆ್ಯನ್ ರೈಸ್ ಅವರಿಗೆ ವಿವಾಹದಿಂದ. ಆಫ್ರಿಕನ್ ಅಮೆರಿಕನ್ ಮನೆತನದ ಕಾಂಡಲೀಜಾ ರೈಸ್ ಅವರನ್ನು ಹೆಸರಿನ ಬಲದಿಂದಲೇ ವೆಲ್ಷ್ ಮೂಲಕ್ಕೆ ಸೇರಿಸಿದರೆ, ಗುಲಾಮಗಿರಿಯ ಅಮೆರಿಕದಲ್ಲಿ ಒಡೆಯರ ಕುಲನಾಮಗಳು ಗುಲಾಮರಿಗೂ ಅಂಟಿಕೊಳ್ಳುತ್ತಿದ್ದ ಚರಿತ್ರೆಯನ್ನೇ ಅಳಿಸಿದಂತಾಗುತ್ತದೆ. ಆದುದರಿಂದ ಕೋಶಗಳು ನಿಷ್ಪತ್ತಿಯನ್ನು ಮಾತ್ರವಲ್ಲದೆ, ಹೆಸರು ಸಂಕ್ರಮಿಸಿದ ಬಗೆಯನ್ನೂ ಪ್ರತ್ಯೇಕವಾಗಿ ದಾಖಲಿಸಬೇಕೆಂಬುದು ನಮ್ಮ ನಿಲುವು.