ಹನ್ನೆರಡಕ್ಕೆ ಹನ್ನೆರಡು

2022ರ ಜೂನ್‌ನಲ್ಲಿ ‘ಕ್ಯಾನ್ಸರ್‌ಗೆ ಕೊನೆಗೂ ಮದ್ದು ಸಿಕ್ತು’ ಎಂದು ಟಿವಿಗಳು ಕೂಗಿದ್ದೇ ತಡ, ನಮ್ಮ ಮಲಪನಗುಡಿಯ ಮೊಬೈಲುಗಳಲ್ಲೂ ಅದೇ ಸುದ್ದಿ. ಔಷಧದ ಹೆಸರು ಡೋಸ್ಟರ್ಲಿಮ್ಯಾಬ್. 12 ಮಂದಿಗೆ ಕೊಟ್ಟರು, 12 ಮಂದಿಯ ಗಡ್ಡೆಯೂ ಮಾಯ. ಕಿಮೋ ಇಲ್ಲ, ಕರೆಂಟು (ರೇಡಿಯೇಷನ್) ಕೊಡಿಸುವುದೂ ಇಲ್ಲ, ಆಪರೇಷನ್ನೂ ಇಲ್ಲ. ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುವ ಮನೆಗಳಲ್ಲಿ ಇದು ಎಂಥ ಆಸೆ ಹುಟ್ಟಿಸಿರಬೇಕು!

ಸುದ್ದಿಯ ಮೂಲ, ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದ ಆಂಡ್ರಿಯಾ ಸರ್ಸೆಕ್ ಮತ್ತು ಸಂಗಡಿಗರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬರೆದ ಪ್ರಬಂಧ. ಡಾಕ್ಟರಲ್ಲದವರು ಅದರ ಶೀರ್ಷಿಕೆಯಲ್ಲೇ ಮುಗ್ಗರಿಸುತ್ತಾರೆ. ಹಟ ಹಿಡಿದು ಓದಿದರೆ ಮಾತ್ರ ಗೊತ್ತಾಗುತ್ತದೆ, ಪ್ರಬಂಧ ಏನನ್ನೂ ಮುಚ್ಚಿಟ್ಟಿಲ್ಲ. ಇದು ಗುದನಾಳದ ಕ್ಯಾನ್ಸರ್ ಅಷ್ಟೇ; ಅದೂ ದೂರದ ಅಂಗಗಳಿಗೆ ಹಬ್ಬದೆ ಇರುವ ಹಂತದ್ದು; ಅದರಲ್ಲೂ ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟಿರುವಂಥದ್ದು. ಗುದನಾಳದ ಕ್ಯಾನ್ಸರ್ ಬಂದ ನೂರು ಮಂದಿಯಲ್ಲಿ ಇಂಥವರು 5ರಿಂದ 10. ತಮ್ಮದು ಆ ಬಗೆಯದೇ ಎಂದು ತಿಳಿಯಬೇಕಾದರೆ ಬಯಾಪ್ಸಿಯ ಮೇಣದ ಬ್ಲಾಕನ್ನು ಲ್ಯಾಬಿಗೆ ಕೊಟ್ಟು ನಾಲ್ಕು ಪ್ರೋಟೀನುಗಳನ್ನು ಪರೀಕ್ಷೆ ಮಾಡಿಸಬೇಕು. ಟಿವಿ ಇದಿಷ್ಟನ್ನೂ ನುಂಗಿ ನೀರು ಕುಡಿಯಿತು.

ಹಾಗೆಂದು ಪ್ರಬಂಧಕ್ಕೆ ಪೂರ್ತಿ ಅಂಕ ಕೊಡಲಾರೆ. ಸಾಮಾನ್ಯನಿಗೆ ಎಲ್ಲಕ್ಕಿಂತ ಬೇಕಾದ ಅಂಕಿಯನ್ನು ಅದು ಆವರಣದೊಳಗೆ ಕೂರಿಸಿದೆ: 95% ಸಿಐ, 74ರಿಂದ 100. ನೋಡಿದ್ದು ಬರೀ 12 ಮಂದಿಯನ್ನಾದ್ದರಿಂದ, ಇಂಥ ರೋಗಿಗಳು ಇನ್ನೂ ಹೆಚ್ಚು ಬಂದಾಗ ನೂರಕ್ಕೆ 74ರವರೆಗೂ ಫಲ ಇಳಿದೀತು ಎಂಬುದು ಅದರ ತಾತ್ಪರ್ಯ. ಅಂದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಗಡ್ಡೆ ಉಳಿಯುವ ಸಾಧ್ಯತೆಯನ್ನು ಈ ಪ್ರಯೋಗ ತಳ್ಳಿಹಾಕಿಲ್ಲ. ಸಂಖ್ಯಾಶಾಸ್ತ್ರ ಕಲಿತವನಿಗೆ ಒಂದು ನೋಟ ಸಾಕು. ರಿಪೋರ್ಟಿನ ಫೈಲು ಹಿಡಿದು ಕೂತ ಮಗನಿಗೆ ಅದು ಇದ್ದೂ ಇಲ್ಲದ ಹಾಗೆ. ಇನ್ನೊಂದು, ‘ಮಾಯ’ ಎಂದರೆ ಸ್ಕ್ಯಾನಿನಲ್ಲೂ ಎಂಡೋಸ್ಕೋಪಿಯಲ್ಲೂ ಕಾಣಲಿಲ್ಲ ಎಂದಷ್ಟೇ. ಕೆಲವರನ್ನು ಆಗಿನ್ನೂ ಗಮನಿಸಿದ್ದು ಆರೇ ತಿಂಗಳು.

ಪ್ರಬಂಧದ ಜೊತೆಗೇ ಬಂದ ಸಂಪಾದಕೀಯದಲ್ಲಿ ಹ್ಯಾನಾ ಸನೋಫ್, ಈಗಿರುವ ಚಿಕಿತ್ಸೆಯನ್ನು ಬಿಟ್ಟು ಇದನ್ನೇ ಹಿಡಿಯುವ ಕಾಲ ಇನ್ನೂ ಬಂದಿಲ್ಲ ಎಂಬ ಅರ್ಥದಲ್ಲಿ ಎಚ್ಚರಿಸಿದ್ದರು. ಟಿವಿಗಳು ಅದೊಂದನ್ನು ಕನ್ನಡದಲ್ಲಿ ಹೇಳಿದ್ದರೂ ಸಾಕಿತ್ತು. ಬಸಿರು, ಬಾಣಂತನದ ವೈದ್ಯಕೀಯವನ್ನು ‘ತಾಯಿ-ಮಗು’ವಿನಲ್ಲಿ ಮನೆಮಾತಿಗೆ ಇಳಿಸಿದ ಡಾ. ಅನುಪಮಾ ನಿರಂಜನ ಇದ್ದ ಭಾಷೆ ಇದು. (ಅವರನ್ನು 1991ರಲ್ಲಿ ಕೊಂಡೊಯ್ದದ್ದೂ ಕ್ಯಾನ್ಸರೇ.) ಪ್ರಯೋಗದ ಅಂಕಿಗಳನ್ನು ಹೇಗೆ ಓದಬೇಕು ಎಂದು ಕಲಿಸುವ ಕನ್ನಡ ಪುಸ್ತಕ ಮಾತ್ರ ನನ್ನ ಕೈಗೆ ಸಿಕ್ಕಿಲ್ಲ.

2025ರಲ್ಲಿ ಅದೇ ತಂಡ ಮುಂದಿನ ಕಂತು ಪ್ರಕಟಿಸಿತು. ಚಿಕಿತ್ಸೆ ಮುಗಿಸಿದ ಗುದನಾಳದ ರೋಗಿಗಳು 49. ಅಷ್ಟೂ ಮಂದಿಯಲ್ಲಿ ಗಡ್ಡೆ ಕಾಣಲಿಲ್ಲ. ಹೊಟ್ಟೆ, ದೊಡ್ಡಕರುಳು ಮೊದಲಾದ ಬೇರೆ ಅಂಗಗಳಲ್ಲಿ ಅದೇ ದೋಷದ ಗಡ್ಡೆ ಇದ್ದ 54 ಮಂದಿಯಲ್ಲಿ ಹಾಗಾದದ್ದು 35 ಮಂದಿಗೆ. ನನಗೆ ಮೊದಲನೆಯದಕ್ಕಿಂತ ಈ ಪ್ರಬಂಧವೇ ಮೇಲೆನಿಸುತ್ತದೆ: ಔಷಧ ಎಲ್ಲಿ ಗೆದ್ದಿತು, ಎಲ್ಲಿ ಅರ್ಧಕ್ಕೆ ನಿಂತಿತು ಎಂಬುದನ್ನು ಆವರಣ ಬಿಡಿಸದೆಯೇ ಓದಬಹುದು.