ಹೆಣ್ಣು ಚಿಟ್ಟೆಗಳು ಎಲ್ಲಿ ಹೋದವು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಶಾಲಾ ಮಕ್ಕಳು ಸಿದ್ಧಪಡಿಸಿದ ಕೆಲವು ಚಿಟ್ಟೆ ಪ್ರಾಜೆಕ್ಟ್ ವರದಿಗಳನ್ನು ಓದುವ ಅವಕಾಶ ನನಗೆ ಒದಗಿತು. ಮಕ್ಕಳ ಶ್ರಮ ಮೆಚ್ಚತಕ್ಕದ್ದು. ದಿನಾಂಕ, ವೇಳೆ, ಬಿಸಿಲು, ಮೋಡ ಎಲ್ಲವನ್ನೂ ಬರೆದಿದ್ದಾರೆ. ಆದರೆ ಕವಲುಬಾಲದ ಚಿಟ್ಟೆಗಳ ಪಟ್ಟಿಯಲ್ಲಿ ಒಂದು ವಿಚಿತ್ರ ಕಂಡಿತು. ಕಾಮನ್ ಮಾರ್ಮನ್ ಎಂದು ಗುರುತಿಸಿದವೆಲ್ಲ ಗಂಡಿನ ರೂಪದವೇ. ಹೆಣ್ಣುಗಳು ಎಲ್ಲಿ ಹೋದವು?

ಅವು ಪಕ್ಕದ ಕಾಲಂಗೆ ಹೋಗಿವೆ! ಕಾಮನ್ ಮಾರ್ಮನ್ (ಪಾಪಿಲಿಯೋ ಪಾಲಿಟಿಸ್) ಗಂಡು ಕಪ್ಪು. ಹಿಂರೆಕ್ಕೆಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಸಾಲು. ಹೆಣ್ಣಿಗೆ ಮೂರು ರೂಪ. ಒಂದು ಗಂಡಿನಂತೆ, ಇನ್ನೊಂದು ಕಾಮನ್ ರೋಸ್‌ನಂತೆ, ಮತ್ತೊಂದು ಕ್ರಿಮ್ಸನ್ ರೋಸ್‌ನಂತೆ. ರೋಸ್ ಚಿಟ್ಟೆಗಳ ಕಂಬಳಿಹುಳು ಈಶ್ವರಿ ಬಳ್ಳಿ ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಅವನ್ನು ಬಿಡುತ್ತವೆ. ನಿಂಬೆ, ಕರಿಬೇವು ತಿಂದು ಬೆಳೆಯುವ ಮಾರ್ಮನ್‌ಗೆ ಆ ರಕ್ಷಣೆಯಿಲ್ಲ, ವೇಷ ಮಾತ್ರ ಇದೆ. ಲಿನೇಯಸ್‌ನಂಥವನೇ 1758ರಲ್ಲಿ ಇದರ ಗಂಡು ಹೆಣ್ಣುಗಳಿಗೆ ಬೇರೆ ಬೇರೆ ಪ್ರಭೇದಗಳೆಂದು ಹೆಸರಿಟ್ಟ. ಆದ್ದರಿಂದ ಮಕ್ಕಳನ್ನು ದೂರುವಂತಿಲ್ಲ.

ದೂರಬೇಕಾದುದು ಅವರ ಕೈಗೆ ಕೊಟ್ಟ ಚಾರ್ಟನ್ನು. ಒಂದು ಪ್ರಭೇದಕ್ಕೆ ಒಂದೇ ಚಿತ್ರ, ಅದೂ ಗಂಡಿನದು. ರೆಕ್ಕೆಗಳು ದೊಡ್ಡದಾಗಿ, ಮೈ ಒಂದು ಕಪ್ಪು ಗೆರೆಯಾಗಿ. ಗುರುತು ಇರುವುದೇ ಮೈಯಲ್ಲಿ. ಎರಡೂ ರೋಸ್‌ಗಳ ತಲೆ ಮತ್ತು ಮೈಯಲ್ಲಿ ಕೆಂಪು ಎದ್ದು ಕಾಣುತ್ತದೆ. ಮಾರ್ಮನ್‌ನ ಮೈ ಕಪ್ಪು. ರೆಕ್ಕೆ ಎಷ್ಟೇ ಹೋಲಲಿ, ಇದು ಹೋಲುವುದಿಲ್ಲ.

ಇಷ್ಟಕ್ಕೆ ಇಷ್ಟೊಂದು ತಕರಾರೇಕೆ ಎನ್ನಬಹುದು. ಲೋಲಕದ ಆವರ್ತಕಾಲ ಅಳೆಯುವಾಗ ಕೈ ತಪ್ಪಿದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತದೆ. ಸರಾಸರಿಯಲ್ಲಿ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಗಡಿಯಾರವೇ ನಿಧಾನವಾಗಿದ್ದರೆ ಸಾವಿರ ಅಳತೆ ತೆಗೆದರೂ ಸರಿಹೋಗದು. ಇಲ್ಲಿಯ ತಪ್ಪು ಎರಡನೆಯ ಬಗೆಯದು. ಮಾರ್ಮನ್ ರೋಸ್ ಆಗುತ್ತದೆ, ರೋಸ್ ಮಾರ್ಮನ್ ಆಗುವುದಿಲ್ಲ. ಹೆಚ್ಚು ಶಾಲೆಗಳನ್ನು ಸೇರಿಸಿದಷ್ಟೂ ತಪ್ಪು ಇನ್ನಷ್ಟು ನಂಬಿಕೆ ಹುಟ್ಟಿಸುತ್ತದೆ, ಅಷ್ಟೆ.

ಕೆಡುವುದು ಸಣ್ಣ ಸಂಖ್ಯೆಯೂ ಅಲ್ಲ. ಬೇಟ್ಸ್ 1862ರಲ್ಲಿ ವಿವರಿಸಿದ ಈ ಬಗೆಯ ಅನುಕರಣೆಯಲ್ಲಿ ನಕಲು ಹೆಚ್ಚಾದಷ್ಟೂ ಅದರ ಲಾಭ ಇಳಿಯುತ್ತದೆ; ರುಚಿಯಾದ 'ರೋಸ್' ಪದೇ ಪದೇ ಸಿಕ್ಕಿದ ಹಕ್ಕಿ ಹೆದರುವುದನ್ನು ಬಿಡುತ್ತದೆ. ಹಾಗಾಗಿ ಅಸಲಿಗೆ ನಕಲಿನ ಅನುಪಾತ ತಿಳಿಯಬೇಕು. ಚನ್ನಗಿರಿಯ ಅಡಿಕೆ ತೋಟದ ಅನುಪಾತವೇ ಜಗಳೂರಿನ ಕುರುಚಲಿನಲ್ಲೂ ಇದೆಯೇ? ಒಳ್ಳೆಯ ಪ್ರಶ್ನೆ. ಈ ವರದಿಗಳಿಂದ ಉತ್ತರ ಸಿಗದು. ಹೆಣ್ಣಿನ ಈ ವೇಷಗಳನ್ನು 'ಡಬಲ್‌ಸೆಕ್ಸ್' ಎಂಬ ಒಂದೇ ಜೀನ್ ನಿಯಂತ್ರಿಸುತ್ತದೆಂದು ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಜೀನ್ ತಿಳಿದ ಮೇಲೂ ಹೊಲದ ಎಣಿಕೆಯನ್ನು ಯಾರಾದರೂ ಮಾಡಲೇಬೇಕಲ್ಲ.

ಪಟ್ಟಿಯಲ್ಲಿ 'ಮೈ ಬಣ್ಣ' ಎಂಬ ಒಂದು ಕಾಲಂ ಸೇರಿಸಿದರೆ ಸಾಕು. ಜಗಳೂರು ಕಡೆಯ ಒಂದು ವರದಿಯಲ್ಲಿ ಹುಡುಗಿಯೊಬ್ಬಳು ಮೂರು ಕಡೆ 'ಮೈ ಕಾಣಲಿಲ್ಲ, ಹೆಸರು ಬರೆದಿಲ್ಲ' ಎಂದಿದ್ದಾಳೆ. ಅದಕ್ಕೆ ಯಾರೋ ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಆ ಚಿಹ್ನೆಯನ್ನು ದಯವಿಟ್ಟು ಹೊಡೆದುಹಾಕಿ.