ಬರೆಯದೆ ಬಿಟ್ಟ ಜಾಗ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಿ.ಎಚ್. ರಸ್ತೆಯಲ್ಲಿ ಹೋಗುವಾಗ ಮುಂದಿನ ಕಾರಿನ ಹಿಂಗಾಜನ್ನು ಒಮ್ಮೆ ನೆಟ್ಟಗೆ ನೋಡಿ. ಕೇಸರಿ ಬಣ್ಣದ ಹನುಮನ ಮುಖ. ಗಂಟಿಕ್ಕಿದ ಹುಬ್ಬು, ಹಣೆಯ ಮೇಲೆ ತಿಲಕ. ಗದೆ ಇಲ್ಲ, ಬಾಲ ಇಲ್ಲ, ಸಂಜೀವಿನಿ ಬೆಟ್ಟವೂ ಇಲ್ಲ. ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತದೆ, ಹಾಗಾಗಿಯೇ ಯಾರೂ ನೋಡುವುದಿಲ್ಲ. ಡಿಜಿಟಲ್ ಚಿತ್ರ ಸವಿಯುವುದು ಹೇಗೆ ಎಂದು ಕೇಳಿದವರನ್ನು ನಾನು ಮೊದಲು ಕಳಿಸುವುದು ಅಲ್ಲಿಗೇ.

ಬರೆದವರು ಕಾಸರಗೋಡಿನ ಕರಣ್ ಆಚಾರ್ಯ. 2015ರಲ್ಲಿ ಗಣೇಶೋತ್ಸವದ ಧ್ವಜಕ್ಕೆ ಒಂದು ಹನುಮ ಬೇಕು ಎಂದು ಊರಿನ ಗೆಳೆಯರು ಕೇಳಿದ್ದಕ್ಕೆ ಕಂಪ್ಯೂಟರಿನಲ್ಲಿ ಮಾಡಿಕೊಟ್ಟದ್ದು. ಆಮೇಲೆ ಅದು ದೇಶವನ್ನೇ ಸುತ್ತಿತು. 2018ರಲ್ಲಿ ಪ್ರಧಾನಿ ಮಂಗಳೂರಿಗೆ ಬಂದಾಗ ವೇದಿಕೆಯಲ್ಲೇ ಹೊಗಳಿದರು. ಆ ಮುಖದಲ್ಲಿರುವುದು ಕೋಪವೇ ಎಂಬ ಜಗಳ ದೊಡ್ಡದಾಯಿತು. ಬರೆದವರು ಮಾತ್ರ ಅದು ಕೋಪವಲ್ಲ, ಗತ್ತು ಅಂದರು. ಆ ಜಗಳ ನಮಗೀಗ ಬೇಡ, ಬಣ್ಣ ಎಣಿಸೋಣ.

ಎರಡೇ. ಅದರಲ್ಲೂ ಕಾರಿನ ಮೇಲೆ ಅಂಟಿಸಿರುವುದು ಒಂದೇ, ಕೇಸರಿ. ಕಪ್ಪು ಗಾಜಿನದ್ದು. ಕೆನ್ನೆಯ ನೆರಳು, ಕಣ್ಣಿನ ಗುಳಿ, ಮೂಗಿನ ಪಕ್ಕದ ಇಳಿಜಾರು ಯಾವುದನ್ನೂ ಯಾರೂ ಬರೆದಿಲ್ಲ. ಬೆಳಕು ಬಿದ್ದ ಕಡೆ ಮಾತ್ರ ಕೇಸರಿ ಇದೆ, ಮಿಕ್ಕದ್ದನ್ನು ನಮ್ಮ ಕಣ್ಣು ತುಂಬಿಕೊಳ್ಳುತ್ತದೆ. ಇಂಥ ಚಿತ್ರದಲ್ಲಿ ಏನು ಬರೆದಿದ್ದಾರೆ ಅಂತ ಹುಡುಕಬೇಡಿ. ಏನು ಬಿಟ್ಟಿದ್ದಾರೆ ನೋಡಿ. ಪಕ್ಕದಲ್ಲೇ ಯಾವುದಾದರೂ ಹುಟ್ಟುಹಬ್ಬದ ಫ್ಲೆಕ್ಸ್ ಇರುತ್ತದಲ್ಲ, ಒಂದಂಗುಲ ಖಾಲಿ ಬಿಡದೆ ಮುಖ ತುಂಬಿದ್ದು? ಅದೂ ಕಂಪ್ಯೂಟರಿನಲ್ಲೇ ಆದದ್ದು. ಎರಡನ್ನೂ ಹೋಲಿಸಿ ನೋಡಿ.

ಈ ಹನುಮ ವೆಕ್ಟರ್ ಚಿತ್ರ. ಫೋಟೋ ಅಂದರೆ ಚುಕ್ಕಿಗಳ ರಾಶಿ, ಹಿಗ್ಗಿಸಿದರೆ ಚೌಕ ಚೌಕವಾಗಿ ಒಡೆಯುತ್ತದೆ. ವೆಕ್ಟರಿನಲ್ಲಿ ಇರುವುದು ಕೆಲವು ಬಿಂದು, ಅವುಗಳ ನಡುವೆ ಬಾಗುವ ಗೆರೆ. ಎಷ್ಟು ದೊಡ್ಡದು ಬೇಕೆಂದರೂ ಕಂಪ್ಯೂಟರ್ ಆ ಗೆರೆಯನ್ನು ಹೊಸದಾಗಿ ಲೆಕ್ಕ ಹಾಕಿ ಎಳೆಯುತ್ತದೆ. ಹಾಗಾಗಿ ಬೈಕಿನ ಟ್ಯಾಂಕಿಗೂ ಲಾರಿಯ ಹಿಂಬದಿಗೂ ಅದೇ ಚಿತ್ರ ನಡೆಯುತ್ತದೆ. ಒಂದು ಗುಟ್ಟು ಹೇಳುತ್ತೇನೆ: ಹುಬ್ಬಿನ ತುದಿ ನೋಡಿ. ಚೂಪಾಗಿ, ಒಂದೇ ಉಸಿರಿನಲ್ಲಿ ಬಾಗಿದ್ದರೆ ಗೆರೆ ಬಲ್ಲವರ ಕೆಲಸ. ಮೊಂಡಾಗಿ ನಡುಗುತ್ತಿದ್ದರೆ ಯಾರೋ ಫೋಟೋ ಇಟ್ಟು ಆತುರದಲ್ಲಿ ನಕಲು ತೆಗೆದದ್ದು. ಒಮ್ಮೆ ಇದು ಗೊತ್ತಾದ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಬಿಟ್ಟ ಜಾಗದಲ್ಲಿ ಚಿತ್ರ ಹುಟ್ಟಿಸುವ ಜಾಣ್ಮೆ ನಮ್ಮ ಜಿಲ್ಲೆಗೆ ಹೊಸತಲ್ಲ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಸಾರಿಸಿದ ಗೋಡೆ, ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ. ಎಳೆ ಎಳೆಗಳ ನಡುವೆ ಉಳಿದ ಕೆಂಪು ಗೋಡೆಯೇ ಅರ್ಧ ಚಿತ್ರ. ಗೋಡೆ ಹೋಗಿ ಗಾಜು ಬಂದಿದೆ, ಅಷ್ಟೇ.

ಇಷ್ಟಾದರೂ ಭದ್ರಾವತಿಯ ಹಿರಿಯರು ಒಪ್ಪುವುದಿಲ್ಲ. ಕಾಗದದ ಕಾರ್ಖಾನೆಯ ಊರು ನಮ್ಮದು, ಆ ಎಂಪಿಎಂ ಕಾರ್ಖಾನೆ ನಿಂತು ವರ್ಷಗಳಾದರೂ ಕಾಗದದ ಅಭಿಮಾನ ಹೋಗಿಲ್ಲ. “ಮುಟ್ಟಿದರೆ ಕೈಗೆ ಬಣ್ಣ ಹತ್ತದ್ದು ಎಂಥಾ ಚಿತ್ರ ಮಾರಾಯ?” ಅನ್ನುತ್ತಾರೆ. ಅವರಿಗೆ ನಾನು ಡೇವಿಡ್ ಹಾಕ್ನಿಯ ಕತೆ ಹೇಳುತ್ತೇನೆ. ಹುಟ್ಟಿದ್ದು 1937ರಲ್ಲಿ, ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ. ಕ್ಯಾನ್ವಾಸಿನಲ್ಲೇ ದೊಡ್ಡ ಹೆಸರು ಮಾಡಿದವರು. ಎಪ್ಪತ್ತು ದಾಟಿದ ಮೇಲೆ ಐಫೋನ್ ಹಿಡಿದು ಹೆಬ್ಬೆರಳಿನಲ್ಲಿ ಬರೆಯತೊಡಗಿದರು. ಹಾಸಿಗೆಯ ಪಕ್ಕದ ಕಿಟಕಿಯಲ್ಲಿ ಸೂರ್ಯ ಹುಟ್ಟುವುದನ್ನು ಬರೆದು ಗೆಳೆಯರಿಗೆ ಬೆಳಗಾಗುತ್ತಲೇ ಕಳಿಸುತ್ತಿದ್ದರು. ಯೋಚಿಸಿ: ನಸುಕಿನ ಕತ್ತಲೆಯಲ್ಲಿ ಕಾಗದದ ಮೇಲೆ ಬರೆಯಬೇಕಾದರೆ ದೀಪ ಹಾಕಬೇಕು, ದೀಪ ಹಾಕಿದರೆ ನಸುಕು ಹೋಯಿತು! ಫೋನಿಗೆ ತನ್ನದೇ ಬೆಳಕಿದೆ. ಈ ಸಾಧನದಲ್ಲೇ ಯಾಕೆ ಬರೆದರು ಎಂಬುದಕ್ಕೆ ಉತ್ತರ ಚಿತ್ರದೊಳಗೇ ಸಿಗಬೇಕು; ಸಿಗದಿದ್ದರೆ ಅದು ಬರೀ ಚಾಳಿ.

2010ರಲ್ಲಿ ಐಪ್ಯಾಡ್ ಬಂದ ಮೇಲೆ ಹಾಕ್ನಿ ಹೊಲದ ದಾರಿಗಳಲ್ಲಿ ವಸಂತ ಬರುವುದನ್ನು ಬರೆದರು, ದೊಡ್ಡ ಹಾಳೆಗಳಿಗೆ ಮುದ್ರಿಸಿ 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ತೂಗುಹಾಕಿದರು. 2020ರಲ್ಲಿ ಕೊರೋನಾಕ್ಕೆ ಊರೆಲ್ಲ ಬಾಗಿಲು ಹಾಕಿದಾಗ ಫ್ರಾನ್ಸಿನ ನಾರ್ಮಂಡಿಯ ಮನೆಯಂಗಳದಲ್ಲೇ ಕೂತು ಬರೆದ ಚಿತ್ರಗಳು ಅದೇ ಅಕಾಡೆಮಿಯಲ್ಲಿ ಪ್ರದರ್ಶನವಾದಾಗ 116 ಇದ್ದವು. ಮೊದಲ ನೋಟಕ್ಕೆ ಮಕ್ಕಳು ಗೀಚಿದಂತೆ ಕಾಣುತ್ತವೆ, ನನಗೂ ಹಾಗೇ ಕಂಡವು. ಎಲ್ಲವೂ ಹಿಡಿಸಿವೆ ಅಂತ ಈಗಲೂ ಹೇಳಲಾರೆ. ಮುದ್ರಿಸಿ ಹಿಗ್ಗಿಸಿದಾಗ ಕೆಲವಲ್ಲಿ ಹಸಿರು ಕಣ್ಣಿಗೆ ಕುಕ್ಕುತ್ತದೆ. ನನ್ನ ಕಣ್ಣು ತೆರೆಸಿದ್ದು ಅವರ ಚಿತ್ರ ಗೆರೆಗೆರೆಯಾಗಿ ಮೂಡುವ ವಿಡಿಯೋ. ಬ್ರಷಸ್ ಎಂಬ ಆ್ಯಪ್ ಪ್ರತಿ ಗೆರೆಯನ್ನೂ ನೆನಪಿಟ್ಟುಕೊಂಡು ಮತ್ತೆ ಓಡಿಸಿ ತೋರಿಸುತ್ತದೆ. ಎಣ್ಣೆ ಬಣ್ಣದ ಚಿತ್ರದಲ್ಲಿ ಕೆಳಗಿನ ಪದರ ಹೂತುಹೋಗುತ್ತದೆ. ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಕೈ ಎಲ್ಲಿ ನಿಂತಿತು ಎಲ್ಲವೂ ಕಣ್ಣೆದುರಿಗೆ. ಸಂಗೀತ ಕಛೇರಿ ಕೇಳುವ ಹಾಗೆ ನೋಡಬಹುದು.

ಮನೆಯಲ್ಲಿ ನೋಡುವವರಿಗೊಂದು ಮಾತು. ವಾಟ್ಸಾಪಿನಲ್ಲಿ ಬಂದದ್ದನ್ನು ನೋಡಿ ತೀರ್ಪು ಕೊಡಬೇಡಿ. ಅದು ಚಿತ್ರವನ್ನು ಹಿಂಡಿ ಕಳಿಸುತ್ತದೆ, ನುಣ್ಣನೆಯ ಆಕಾಶ ಪಟ್ಟೆ ಪಟ್ಟೆಯಾಗುತ್ತದೆ. ಆದಷ್ಟು ದೊಡ್ಡ ಪರದೆ ಹುಡುಕಿ, ಬೆಳಕು ಹೆಚ್ಚಿಸಿ ನೋಡಿ.

ಇಷ್ಟು ಓದಿ ಆಸಕ್ತಿ ಹುಟ್ಟಿದರೆ ಯಾವುದಾದರೂ ಸ್ಟಿಕ್ಕರ್ ಅಂಗಡಿಯಲ್ಲಿ ಕಾಲು ಗಂಟೆ ನಿಂತುಬನ್ನಿ. ಯಂತ್ರದಲ್ಲಿ ಪೆನ್ನಿನ ಬದಲು ಪುಟ್ಟ ಚಾಕು ಇರುತ್ತದೆ, ಕೇಸರಿ ಹಾಳೆಯ ಮೇಲೆ ಸರ್ರನೆ ಓಡಿ ಗೆರೆ ಕುಯ್ಯುತ್ತದೆ. ಓಡಿ ಮುಗಿದಾಗಲೂ ಹಾಳೆ ಬರಿದಾಗಿಯೇ ಕಾಣುತ್ತದೆ. ನಾನು ನಿಂತಿದ್ದ ಅಂಗಡಿಯ ಹುಡುಗ ಗುಂಡುಸೂಜಿಯ ಮೊನೆಯಿಂದ ಬೇಡದ ಚೂರುಗಳನ್ನು ಒಂದೊಂದಾಗಿ ಎಬ್ಬಿಸಿ ಕಿತ್ತ, ಅವು ಸುರುಳಿ ಸುತ್ತಿ ಕಾಲಬುಡಕ್ಕೆ ಬಿದ್ದವು. ನಾಲ್ಕನೆಯದೋ ಐದನೆಯದೋ ಚೂರು ಬಂದಾಗ ಹನುಮನ ಕಣ್ಣು ಮೂಡಿತು.